ಕಗ್ಗ, ಗಜನಿ ಮತ್ತು ಒಂದು ಗೇಟು

ಕನ್ನಡ ಸಂಘದವರ ಬಾಯಲ್ಲಿ ‘ಕಗ್ಗ’ ಅಂತ ಬಂದರೆ ಎಲ್ಲರಿಗೂ ನೆನಪಾಗೋದು ಡಿ.ವಿ.ಜಿ. ಮತ್ತು ಮಂಕುತಿಮ್ಮ. ಆದರೆ ಉತ್ತರ ಕನ್ನಡದ ಕರಾವಳಿಯ ಗೆಳೆಯರನ್ನು ಕೇಳಿ ನೋಡಿ. “ಅದು ಭತ್ತ ಅಲ್ವಾ? ಗಜನಿಯಲ್ಲಿ ಬೆಳೀತಿದ್ರಲ್ಲ” ಅನ್ನುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರ ಮಾತಿನಲ್ಲಿ ಬರುವ ‘ಬೆಳೀತಿದ್ರು’ ಅನ್ನುವ ಭೂತಕಾಲವೇ ಈ ಲೇಖನಕ್ಕೆ ಕಾರಣ.

ಕಗ್ಗ ಅಂದ್ರೆ ಉಪ್ಪು ನೀರು ನುಗ್ಗುವ ಜಾಗದಲ್ಲಿ ಬೆಳೆಯುವ ನಾಟಿ ಭತ್ತ. ಇದು ಎತ್ತರಕ್ಕೆ ಬೆಳೆಯುತ್ತದೆ. ತೆನೆಯ ಕಾಳಿಗೆ ಉದ್ದನೆಯ ಮೀಸೆ ಇರುತ್ತದೆ. ಗೊಬ್ಬರ, ಔಷಧ ಏನೂ ಕೇಳುವುದಿಲ್ಲ. ಕರಿ ಕಗ್ಗ, ಬಿಳಿ ಕಗ್ಗ ಅಂತ ಬೇರೆ ಬೇರೆ ತಳಿಗಳಿವೆ. ಇಂದು ಈ ಹೆಸರು ಹೆಚ್ಚು ಕೇಳಿಬರೋದು ಕುಮಟಾ ತಾಲೂಕಿನ ಅಘನಾಶಿನಿ ದಡದ ಮಾಣಿಕಟ್ಟಾದಿಂದ. ಆದರೆ ಇದನ್ನು ಬೆಳೆಸಿದ ಗಜನಿ ಎಂಬ ವ್ಯವಸ್ಥೆ ಕಾರವಾರದ ಕಾಳಿ, ಅಂಕೋಲೆಯ ಗಂಗಾವಳಿ, ಹೊನ್ನಾವರದ ಶರಾವತಿ ಹೀಗೆ ಎಲ್ಲ ನದಿಗಳ ಅಳಿವೆಯಲ್ಲೂ ಇದೆ. ಕಾಳಿ ದಾಟಿ ಗೋವಾಕ್ಕೆ ಹೋದರೆ ಇಂಥದ್ದೇ ಗದ್ದೆಗೆ ಖಾಜನ್ ಅಂತಾರೆ, ಅಲ್ಲಿನ ಭತ್ತ ಕೊರ್ಗುಟ್. ದಕ್ಷಿಣಕ್ಕೆ ಹೋದರೆ ಕಣ್ಣೂರು, ಕಾಸರಗೋಡು ಕಡೆ ಕೈಪಾಡ್, ಎರ್ನಾಕುಳಂ ಕಡೆ ಪೊಕ್ಕಾಳಿ. ಒಂದೇ ಸಮಸ್ಯೆಗೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಒಂದೇ ಬಗೆಯ ಉತ್ತರ.

ಇಂಜಿನಿಯರಿಂಗ್ ಓದುವ ನಮಗೆ ಇದರಲ್ಲಿ ಏನಿದೆ ಅಂತ ಕೇಳಬಹುದು. ತುಂಬ ಇದೆ. ಪತ್ರಿಕೆಗಳಲ್ಲಿ ಕಗ್ಗವನ್ನು ‘ಸಮುದ್ರದ ನೀರಲ್ಲಿ ಬೆಳೆಯುವ ಅದ್ಭುತ ಭತ್ತ’ ಅಂತ ಬರೆಯೋದುಂಟು. ಅದು ಅರ್ಧ ಸತ್ಯ. ಬೀಜದ ಶಕ್ತಿ ಎಷ್ಟು, ಅದರ ಸುತ್ತ ಕಟ್ಟಿದ ವ್ಯವಸ್ಥೆಯ ಶಕ್ತಿ ಎಷ್ಟು ಅನ್ನೋದನ್ನು ಬಿಡಿಸಿ ನೋಡಿದರೆ, ಗಜನಿಗಳು ಯಾಕೆ ಪಾಳು ಬೀಳುತ್ತಿವೆ ಅನ್ನೋದೂ ಅರ್ಥವಾಗುತ್ತೆ.

ಗಜನಿ ಅಂದ್ರೇನು?

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರದಿಂದ ಅಂಕೋಲಾಕ್ಕೆ ಬಸ್ಸಲ್ಲಿ ಹೋಗುವಾಗ ಅವರ್ಸಾ, ಹಟ್ಟಿಕೇರಿ ಸುತ್ತಮುತ್ತ ಕಿಟಕಿಯಾಚೆ ನೋಡಿ. ಹಿನ್ನೀರಿನ ಪಕ್ಕ ತಗ್ಗಿನಲ್ಲಿ ಹರಡಿದ ಬಯಲು ಕಾಣುತ್ತದೆ. ಮುಂಗಾರಿನಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು ಕಾಣುವ ಇಂಥ ತಗ್ಗು ಭೂಮಿಯೇ ಗಜನಿ. ಸಮುದ್ರದ ಉಬ್ಬರ (ಊರವರ ಮಾತಲ್ಲಿ ಭರತ) ನದಿಯ ಬಾಯಿಂದ ಒಳಗೆ ನುಗ್ಗಿ ಬಂದಾಗ ಮುಳುಗುವ ಜಾಗ ಅದು.

ಹಾಗೇ ಬಿಟ್ಟರೆ ಅಲ್ಲಿ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ಹಿಂದಿನವರು ನದಿಗೂ ಈ ಬಯಲಿಗೂ ನಡುವೆ ಮಣ್ಣು, ಕಲ್ಲು ಹಾಕಿ ಒಡ್ಡು ಕಟ್ಟಿದರು. ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆ ಇಳಿಸುವ ಬಾಗಿಲು ಇಟ್ಟರು. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1948ರಲ್ಲಿ, ಇಂಥ ಭೂಮಿಗಾಗಿಯೇ ‘ಬಾಂಬೆ ಖಾರ್ ಲ್ಯಾಂಡ್ಸ್ ಕಾಯ್ದೆ’ ಬಂತು. ಸರಕಾರ ಕಟ್ಟಿಸಿದ ಒಡ್ಡುಗಳನ್ನು ಈಗಲೂ ಜನ ‘ಖಾರ್‌ಲ್ಯಾಂಡ್ ಒಡ್ಡು’ ಅಂತಲೇ ಕರೆಯೋದು ಅದರಿಂದ.

ಒಡ್ಡು, ಬಾಗಿಲು, ಬಯಲು, ಹೊರಗೆ ಏರಿಳಿಯುವ ನೀರು. ಚಿತ್ರ ಇಷ್ಟೇ. ಇದನ್ನು ನೋಟ್‌ಬುಕ್ಕಿನಲ್ಲಿ ಒಂದು ಗೆರೆಚಿತ್ರವಾಗಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಉಪ್ಪು ಗಿಡಕ್ಕೆ ಮಾಡೋದೇನು?

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಗಾದೆ. ಗಿಡದ ಕಷ್ಟ ಏನಂದ್ರೆ, ಬೇರಿನ ಸುತ್ತ ಉಪ್ಪಿದ್ದಾಗ ಅದಕ್ಕೆ ನೀರು ಕುಡಿಯೋಕೇ ಆಗಲ್ಲ.

ಲೆಕ್ಕ ಮಾಡೋಣ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಎಲ್ಲವನ್ನೂ ಸೋಡಿಯಂ ಕ್ಲೋರೈಡ್ ಅಂದುಕೊಂಡರೆ, 35 ಭಾಗಿಸು 58.5, ಅಂದ್ರೆ 0.6 ಮೋಲ್. ಪ್ರತಿ ಅಣು ಎರಡು ಅಯಾನುಗಳಾಗಿ ಒಡೆಯುತ್ತದೆ. ಪಿಯುಸಿಯಲ್ಲಿ ಓದಿದ ವ್ಯಾಂಟ್ ಹಾಫ್ ಸೂತ್ರ ಹಾಕಿ: 2 × 0.6 × 0.083 × 300, ಹತ್ತಿರ ಹತ್ತಿರ 30 ಬಾರ್. ನಿಜವಾದ ಸಮುದ್ರದ ನೀರಿಗೆ ಇದು ಸ್ವಲ್ಪ ಕಡಿಮೆ, 25ರಿಂದ 27 ಬಾರ್. 10 ಮೀಟರ್ ನೀರಿನ ಕಂಬಕ್ಕೆ ಸುಮಾರು 1 ಬಾರ್ ಅಂತ ಹಿಡಿದರೆ, 250 ಮೀಟರ್ ಆಳದ ಬೋರ್‌ವೆಲ್‌ನಿಂದ ನೀರೆತ್ತಿದಷ್ಟು ಕೆಲಸ. ಸಮುದ್ರದ ನೀರನ್ನು ಸಿಹಿ ಮಾಡುವ ಆರ್‌ಓ ಘಟಕಗಳಿಗೆ ದೊಡ್ಡ ಪಂಪು ಬೇಕಾಗೋದೂ ಇದಕ್ಕೇ.

ಇದು ಮೊದಲ ಪೆಟ್ಟು. ಎರಡನೆಯದು ವಿಷದ ಪೆಟ್ಟು. ನೀರಿನ ಜೊತೆ ಒಳಗೆ ಬಂದ ಸೋಡಿಯಂ ಎಲೆಗಳಲ್ಲಿ ಸೇರುತ್ತ ಹೋಗುತ್ತದೆ. ಜೀವಕೋಶದ ಕಿಣ್ವಗಳಿಗೆ ಬೇಕಾದ್ದು ಪೊಟ್ಯಾಶಿಯಂ. ಅದರ ಜಾಗವನ್ನು ಸೋಡಿಯಂ ಹಿಡಿದರೆ ಎಲೆ ತುದಿಯಿಂದ ಸುಡುತ್ತ ಬರುತ್ತದೆ.

ಮಣ್ಣಿನ ಉಪ್ಪನ್ನು ಅಳೆಯೋದು ವಿದ್ಯುತ್ ವಾಹಕತೆಯಿಂದ, ಅಂದ್ರೆ ಇಸಿ. ಅದರ ಮಾನ ಮೀಟರಿಗೆ ಡೆಸಿಸೀಮನ್ಸ್. ಸಮುದ್ರದ ನೀರಿಗೆ ಇದು ಸುಮಾರು 50. ಸಾಮಾನ್ಯ ಭತ್ತಕ್ಕೆ ಮಣ್ಣಿನ ಇಸಿ 3 ದಾಟಿದರೆ ಇಳುವರಿ ಕುಸಿಯತೊಡಗುತ್ತದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಸರಳ ರೇಖೆ ಇದೆ:

ಇಳುವರಿ (ಶೇಕಡ) = 100 − 12 × (ಇಸಿ − 3)

ಇಸಿ 7 ಅಂತ ಹಾಕಿ ನೋಡಿ: ಶೇ 52. ಅರ್ಧ ಬೆಳೆ ಹೋಯ್ತು. 11 ದಾಟಿದರೆ ಏನೂ ಉಳಿಯಲ್ಲ. ಬಾರ್ಲಿಗೆ ಈ ಕುಸಿತ ಶುರುವಾಗೋದೇ 8ರಿಂದ. ಅಂದ್ರೆ ನಮ್ಮ ಮುಖ್ಯ ಧಾನ್ಯಗಳಲ್ಲಿ ಭತ್ತ ಉಪ್ಪಿಗೆ ತೀರ ಸೂಕ್ಷ್ಮವಾದದ್ದು. ಹಾಗಿದ್ದ ಮೇಲೆ ಸಮುದ್ರದ ಬಾಯಲ್ಲಿ ಭತ್ತ ಬೆಳೆದದ್ದು ಹೇಗೆ?

ಬೀಜದ ಪಾಲು

ಉಪ್ಪಲ್ಲೇ ಹುಟ್ಟಿ ಉಪ್ಪಲ್ಲೇ ಬೆಳೆಯುವ ಗಿಡಗಳು ಬೇರೆ ಇವೆ. ಕಾಳಿ ಅಳಿವೆಯ ಕಾಂಡ್ಲಾಗಳಲ್ಲಿ ಕೆಲವು ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತವೆ. ಅಂಥ ಎಲೆ ನಾಲಿಗೆಗೆ ಉಪ್ಪುಪ್ಪು. ಇಂಥ ಉಪ್ಪುಸಸ್ಯಗಳಲ್ಲಿ ತಿನ್ನುವ ಕಾಳು ಕೊಡುವವು ಅಪರೂಪ. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯ ಸೆರಿ ಜನ ಸಮುದ್ರದೊಳಗೇ ಬೆಳೆಯುವ ‘ಜೋಸ್ಟೆರಾ’ ಹುಲ್ಲಿನ ಕಾಳನ್ನು ಹಿಟ್ಟು ಮಾಡಿ ತಿನ್ನುತ್ತಿದ್ದರು. 1973ರಲ್ಲಿ ಇದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದಾಗ ವಿಜ್ಞಾನಿಗಳಿಗೆ ಅಚ್ಚರಿಯಾಯಿತು. ಈಚೆಗೆ ಸ್ಪೇನಿನಲ್ಲಿ ಅದೇ ಹುಲ್ಲನ್ನು ‘ಸಮುದ್ರದ ಅಕ್ಕಿ’ ಅಂತ ಬೆಳೆಸುವ ಪ್ರಯತ್ನ ನಡೆದಿದೆ.

ಕಗ್ಗ ಆ ಜಾತಿಗೆ ಸೇರಿದ್ದಲ್ಲ. ಅದು ಭತ್ತವೇ. ಬೇರೆ ಭತ್ತಕ್ಕಿಂತ ಹೆಚ್ಚು ಹೊತ್ತು ಉಪ್ಪನ್ನು ತಡೆದುಕೊಳ್ಳಬಲ್ಲ ಭತ್ತ. ಉಪ್ಪು ತಡೆಯುವ ಭತ್ತಗಳು ಇದನ್ನು ಹೇಗೆ ಮಾಡುತ್ತವೆ ಅನ್ನೋದರ ಮೇಲೆ ಒಳ್ಳೆಯ ಕೆಲಸ ಆಗಿದೆ. ಕೇರಳದ ಪೊಕ್ಕಾಳಿಯ ಒಂದನೇ ಕ್ರೋಮೋಸೋಮಿನ ಒಂದು ತುಣುಕಿಗೆ ‘ಸಾಲ್ಟಾಲ್’ ಅಂತ ಹೆಸರು. ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅದನ್ನು ಬಳಸಿ ಹೊಸ ತಳಿಗಳನ್ನು ಬೆಳೆಸಿತು. 2005ರಲ್ಲಿ ಬಂಗಾಳದ ‘ನೋನಾ ಬೋಕ್ರಾ’ ಎಂಬ ನಾಟಿ ಭತ್ತದಲ್ಲಿ ಇದೇ ಪ್ರದೇಶದ ಒಂದು ಜೀನ್ ಪತ್ತೆಯಾಯಿತು. ಆ ಜೀನ್ ಮಾಡುವ ಪ್ರೋಟೀನು ಒಂದು ಚೆಕ್‌ಪೋಸ್ಟ್ ಇದ್ದಂತೆ: ಬೇರಿನಿಂದ ಮೇಲಕ್ಕೆ ಹೋಗುವ ನೀರಿನ ಕೊಳವೆಯಿಂದ ಸೋಡಿಯಂ ಅನ್ನು ಹೊರಗೆಳೆದು, ಎಲೆಗೆ ಹೋಗದಂತೆ ತಡೆಯುತ್ತದೆ. ಇನ್ನು ಕೆಲವು ತಳಿಗಳು ಬಂದ ಉಪ್ಪನ್ನು ಹಳೆಯ ಎಲೆಗಳಿಗೆ ತುಂಬಿ ಎಳೆಯ ಎಲೆಗಳನ್ನು ಉಳಿಸಿಕೊಳ್ಳುತ್ತವೆ.

ಆದರೆ ಎಂಥ ಚೆಕ್‌ಪೋಸ್ಟಿಗೂ ಒಂದು ಮಿತಿ ಇದೆ. ಇಸಿ 50ರ ನೀರಲ್ಲಿ ಯಾವ ಭತ್ತವೂ ಬದುಕಲ್ಲ. ಉಳಿದ ಕೆಲಸ ಬೇರೆ ಯಾರಾದರೂ ಮಾಡಬೇಕು.

ಮಳೆಯ ಪಾಲು

ಇಲ್ಲಿ ಕ್ಯಾಲೆಂಡರ್ ಮುಖ್ಯ. ಭತ್ತಕ್ಕೆ ಜೀವನವಿಡೀ ಒಂದೇ ರೀತಿ ಉಪ್ಪು ತಾಗುವುದಿಲ್ಲ. ಮೊಳಕೆಯೊಡೆಯುವಾಗ ಅದು ಸಾಕಷ್ಟು ಗಟ್ಟಿ. ಎರಡು ಮೂರು ಎಲೆಯ ಸಸಿಯಾದಾಗ ತೀರ ಮೆತ್ತಗೆ. ತೆಂಡೆ ಒಡೆದು ಬೆಳೆಯುವಾಗ ಮತ್ತೆ ಗಟ್ಟಿ. ತೆನೆ ಕಟ್ಟಿ ಹೂ ಬಿಡುವಾಗ ಮತ್ತೊಮ್ಮೆ ಮೆತ್ತಗೆ. ಕಾಳು ಬಲಿಯುವಾಗ ಪರವಾಗಿಲ್ಲ.

ಈಗ ಇದರ ಪಕ್ಕದಲ್ಲಿ ಕಾರವಾರದ ಮಳೆಯನ್ನಿಡಿ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆಯಲ್ಲಿ ಬಾಗಿಲು ಹಾಕಿ ಗಜನಿಯ ನೀರು ಹೊರಬಿಟ್ಟು ನೆಲ ಒಣಗಿಸುತ್ತಾರೆ. ಮೊದಲ ಮಳೆಗಳು ಮೇಲ್ಮಣ್ಣಿನ ಉಪ್ಪನ್ನು ಕರಗಿಸುತ್ತವೆ. ಇಳಿತದ ಹೊತ್ತಿಗೆ ಬಾಗಿಲು ತೆಗೆದು ಆ ಉಪ್ಪುನೀರನ್ನು ನದಿಗೆ ಬಿಡುತ್ತಾರೆ. ಭರತ ಬರುವ ಮೊದಲು ಮುಚ್ಚುತ್ತಾರೆ. ಹೀಗೆ ತೊಳೆದ ಮಣ್ಣಿಗೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಸಸಿಯ ಮೆತ್ತಗಿನ ದಿನಗಳು ಜೋರು ಮಳೆಯ ದಿನಗಳಿಗೆ ಸರಿಯಾಗಿ ಬೀಳುತ್ತವೆ. ಹೂ ಬಿಡುವ ಹೊತ್ತಿಗೂ ನದಿಯಲ್ಲಿ ಸಿಹಿನೀರಿರುತ್ತದೆ. ಮಳೆ ಹಿಂದೆ ಸರಿದು ಉಪ್ಪು ಮರಳಿ ಬರುವಷ್ಟರಲ್ಲಿ ಕಾಳು ಬಲಿತಿರುತ್ತದೆ.

ಹಾಗಾದರೆ ಬೀಜಕ್ಕೆ ಉಪ್ಪು ತಡೆಯುವ ಶಕ್ತಿ ಯಾಕೆ ಬೇಕು? ಮಳೆ ಲೆಕ್ಕ ತಪ್ಪುವುದರಿಂದ. ಜುಲೈಯಲ್ಲಿ ಹತ್ತು ದಿನ ಬಿಸಿಲು ಬಿದ್ದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಏಡಿ ಕೊರೆದ ತೂತಿನಿಂದ ಒಡ್ಡು ಸೋರುತ್ತದೆ. ಹುಣ್ಣಿಮೆಯ ದೊಡ್ಡ ಭರತ ಒಡ್ಡನ್ನು ಮೀರುತ್ತದೆ. ಅಂಥ ಕೆಲವು ದಿನ ಸಾಮಾನ್ಯ ಭತ್ತ ಸಾಯುತ್ತದೆ, ಕಗ್ಗ ತಡೆದುಕೊಳ್ಳುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕಗ್ಗದ ಉಪ್ಪು ಸಹಿಷ್ಣುತೆ ಈ ವಿನ್ಯಾಸದ ‘ಫ್ಯಾಕ್ಟರ್ ಆಫ್ ಸೇಫ್ಟಿ’. ಭಾರ ಹೊರುವ ತೊಲೆ ಮಾತ್ರ ಒಡ್ಡು ಮತ್ತು ಬಾಗಿಲು.

ಬಾಗಿಲಿನ ಪಾಲು

ಆ ಗೆರೆಚಿತ್ರ ಈಗ ತೆಗೆಯಿರಿ. 100 ಎಕರೆಯ ಒಂದು ಗಜನಿ ಅಂದುಕೊಳ್ಳೋಣ. ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ; ಆ ಕಡೆ ಜುಲೈಯಲ್ಲಿ ಇದು ಹೊಸದೇನಲ್ಲ. ಒಂದು ಎಕರೆಗೆ 4047 ಚದರ ಮೀಟರ್. ಒಟ್ಟು ನೀರು ಸುಮಾರು 40,000 ಘನ ಮೀಟರ್, ಅಂದ್ರೆ 4 ಕೋಟಿ ಲೀಟರ್. ಪಂಪಿಲ್ಲ, ಹೊರಗಿನ ನೀರು ಗದ್ದೆಗಿಂತ ಕೆಳಗಿದ್ದಾಗ ಮಾತ್ರ ಇದು ಹರಿದುಹೋಗಬೇಕು.

ಭರತ–ಇಳಿತದ ಒಂದು ಸುತ್ತು ಸುಮಾರು 12.4 ಗಂಟೆ. ಏರಿಳಿತ 2 ಮೀಟರ್, ಆಕಾರ ಕೊಸೈನ್ ಅಲೆ, ಗದ್ದೆಯ ಮಟ್ಟ ಸರಾಸರಿ ಸಮುದ್ರ ಮಟ್ಟದಲ್ಲಿದೆ ಅಂತಿಟ್ಟುಕೊಂಡರೆ, ಪ್ರತಿ ಸುತ್ತಿಗೆ 6.2 ಗಂಟೆ ನೀರು ಹೊರಹೋಗಬಹುದು. ದಿನಕ್ಕೆ 12 ಗಂಟೆ. ಅಷ್ಟರಲ್ಲಿ 40,000 ಘನ ಮೀಟರ್ ಖಾಲಿಯಾಗಬೇಕಾದರೆ ಬಾಗಿಲಿನಿಂದ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಘನ ಮೀಟರ್ ಹರಿಯಬೇಕು. ಬಾಗಿಲಿನ ಅಗಲ ಎಷ್ಟಿರಬೇಕು ಅನ್ನೋದನ್ನು ಸಿವಿಲ್‌ನವರು ಲೆಕ್ಕ ಹಾಕಲಿ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಅದೇ ಮಾದರಿಯಲ್ಲಿ ಸಮುದ್ರವನ್ನು 20 ಸೆಂಟಿಮೀಟರ್ ಏರಿಸಿ, ಗದ್ದೆಯನ್ನು ಹಾಗೇ ಬಿಡಿ. ನೀರು ಹೊರಹೋಗುವ ಸಮಯ 6.2 ಗಂಟೆಯಿಂದ 5.4 ಗಂಟೆಗೆ ಇಳಿಯುತ್ತದೆ. ಪ್ರತಿ ಸುತ್ತಿಗೆ 48 ನಿಮಿಷ ನಷ್ಟ. ‘ಬರೀ 20 ಸೆಂಟಿಮೀಟರ್’ ಅನ್ನುವ ಮಾತಿನ ತೂಕ ಇಲ್ಲಿ ಕಾಣುತ್ತೆ.

ಇಷ್ಟು ಭೌತಶಾಸ್ತ್ರ. ಆ ಬಾಗಿಲನ್ನು ಎಳೆಯುವ ಕೈ ಯಾರದು ಅನ್ನೋದು ಅದಕ್ಕಿಂತ ಕಷ್ಟದ ಪ್ರಶ್ನೆ.

ಒಂದು ಗಜನಿಯಲ್ಲಿ ಹತ್ತಾರು ಮನೆಯವರ ತುಂಡು ಜಮೀನು ಇರುತ್ತದೆ. ನೀರು ಮಾತ್ರ ಎಲ್ಲರಿಗೂ ಒಂದೇ. ಕೊಯ್ಲಾದ ಮೇಲೆ ಬಾಗಿಲು ತೆಗೆದರೆ ಭರತದ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಕೊಳೆಯುವ ಕೂಳೆ ಅವಕ್ಕೆ ಮೇವಾಗುತ್ತದೆ, ಅವುಗಳ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಸಿಗಡಿ ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಆ ಹಣದಲ್ಲಿ ಒಡ್ಡು ರಿಪೇರಿ ಮಾಡುವ ಪದ್ಧತಿ ಇತ್ತು. ಅನ್ನ ಮಳೆಗಾಲದ್ದು, ಮೀನು ಬೇಸಿಗೆಯದು. ಕುಚಲಕ್ಕಿ ಗಂಜಿ, ಸಿಗಡಿ ಸಾರು ಎರಡೂ ಒಂದೇ ಗದ್ದೆಯಿಂದ.

1980ರ ದಶಕದ ಕೊನೆಗೆ ಸಿಗಡಿಯ ರಫ್ತು ಬೆಲೆ ಏರಿದಾಗ ಈ ತೂಕ ತಪ್ಪಿತು. ಸಿಗಡಿಯವರಿಗೆ ಉಪ್ಪುನೀರು ಮೇ ದಾಟಿಯೂ ನಿಂತರೆ ಲಾಭ. ಭತ್ತದವರಿಗೆ ಮಳೆಗೆ ಮೊದಲೇ ಅದು ಹೊರಹೋಗಬೇಕು. ಒಂದೇ ಬಾಗಿಲಿಗೆ ಎರಡು ‘ಸೆಟ್ ಪಾಯಿಂಟ್’ ಕೊಟ್ಟರೆ ಯಾವ ಕಂಟ್ರೋಲರ್ ತಾನೆ ಏನು ಮಾಡೀತು? ನೀರು ನಿಂತ ಕಡೆ ಭತ್ತ ಹೋಯಿತು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯಲ್ಲಿ ಸಿಗಡಿಯೂ ಸಾಯತೊಡಗಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೊಳಗಳನ್ನು ತೆಗೆಯಲು ಆದೇಶಿಸಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಬಿತ್ತುವ ಅಭ್ಯಾಸವೇ ತಪ್ಪಿಹೋಗಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಕೊಯ್ಯುವ ಆಳುಗಳು ಸಿಗುವುದೂ ಕಷ್ಟವಾಯಿತು, ಯಂತ್ರ ಇಳಿಸಿದರೆ ಹೂತುಹೋಗುತ್ತದೆ.

ಒಡ್ಡಿನಾಚೆಗೆ ನದಿಯೂ ಇದೆ. ಕಾಳಿಗೆ ಸೂಪಾದಿಂದ ಕದ್ರಾದವರೆಗೆ ಸಾಲು ಅಣೆಕಟ್ಟುಗಳು. ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತದೆ. ಗಂಗಾವಳಿಗೆ, ಅಂದ್ರೆ ಮೇಲಿನ ಬೇಡ್ತಿಗೆ, ಅಂಥ ದೊಡ್ಡ ಅಣೆಕಟ್ಟಿಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆ 1980ರ ದಶಕದಲ್ಲಿ ಜನರ ವಿರೋಧದಿಂದ ನಿಂತಿತು. ಹೀಗಾಗಿ ನೆರೆಹೊರೆಯ ಎರಡು ತಾಲೂಕುಗಳ ಅಳಿವೆಗಳಿಗೆ ಉಪ್ಪಿನ ಕ್ಯಾಲೆಂಡರ್ ಬೇರೆ ಬೇರೆ. ಈಗ ಚರ್ಚೆಯಲ್ಲಿರುವ ಬೇಡ್ತಿ–ವರದಾ ಜೋಡಣೆಯ ಲೆಕ್ಕ ಹಾಕುವಾಗ, ಕೆಳಗಿನ ಗಜನಿಗೆ ತಲುಪುವ ಸಿಹಿನೀರನ್ನೂ ಒಂದು ಸಾಲಿನಲ್ಲಿ ಬರೆಯಬೇಕಾಗುತ್ತದೆ.

ಹಾಸ್ಟೆಲಿನ ತಾರಸಿಯಲ್ಲಿ ಮಾಡಿ ನೋಡಿ

ಓದಿದ್ದು ಕೈಗೆ ಹತ್ತಬೇಕಾದರೆ ಮಾಡಿ ನೋಡಬೇಕು. ನಾಲ್ಕು ಬಕೆಟ್, ಒಂದೇ ಬಗೆಯ ಮಣ್ಣು, ಅಡುಗೆ ಉಪ್ಪು, ಮತ್ತು ಇಸಿ ಅಳೆಯುವ ಪೆನ್ನು ಸಾಕು. ರೈತರಿಂದ ಎರಡು ಬಗೆಯ ಬೀಜದ ಭತ್ತ ತನ್ನಿ. ಸಾಧ್ಯವಾದರೆ ಒಂದು ಕಗ್ಗ, ಇನ್ನೊಂದು ನಿಮ್ಮೂರಿನದು.

1. ಬೀಜವನ್ನು ಒಂದು ರಾತ್ರಿ ನೆನೆಸಿ, ಒದ್ದೆ ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸಿ. ಪ್ರತಿ ಬಕೆಟ್ಟಿನಲ್ಲಿ ಎರಡೂ ತಳಿಯ ಹತ್ತು ಹತ್ತು ಸಸಿ ಇರಲಿ.
2. ಎರಡು ವಾರ ಸಿಹಿನೀರು ಮಾತ್ರ ಕೊಡಿ.
3. ಆಮೇಲೆ ಒಂದು ಬಕೆಟ್ಟನ್ನು ಹಾಗೇ ಬಿಟ್ಟು, ಉಳಿದವಕ್ಕೆ ಲೀಟರಿಗೆ 2, 4, 6 ಗ್ರಾಂ ಉಪ್ಪಿನ ನೀರು ಕೊಡಿ. ಒಮ್ಮೆಗೇ ಸುರಿಯಬೇಡಿ, ಮೂರು ನಾಲ್ಕು ದಿನಗಳಲ್ಲಿ ಹಂತ ಹಂತವಾಗಿ ಏರಿಸಿ.
4. ದಿನಾ ಇಸಿ ಅಳೆದು ಬರೆಯಿರಿ. ಬಿಸಿಲಿಗೆ ನೀರು ಆರಿದಷ್ಟೂ ಉಪ್ಪು ಗಟ್ಟಿಯಾಗುತ್ತದೆ, ಅದನ್ನು ಸಿಹಿನೀರಿನಿಂದ ಸರಿದೂಗಿಸಿ.
5. ಎಷ್ಟು ಎಲೆ ತುದಿ ಸುಟ್ಟಿದೆ, ಎಷ್ಟು ಸಸಿ ಸತ್ತಿದೆ ಅಂತ ವಾರಕ್ಕೆರಡು ಸಲ ಎಣಿಸಿ.
6. ಕೊನೆಗೆ ಅತಿ ಉಪ್ಪಿನ ಬಕೆಟ್ಟಿನ ತಳಕ್ಕೆ ತೂತು ಮಾಡಿ, ಮೇಲಿಂದ ಸಿಹಿನೀರು ಸುರಿಯುತ್ತ ಹೊರಬರುವ ನೀರಿನ ಇಸಿ ಅಳೆಯಿರಿ. ಜೂನ್ ತಿಂಗಳ ಗಜನಿ ನಿಮ್ಮ ಬಕೆಟ್ಟಿನಲ್ಲಿ ಕಾಣುತ್ತದೆ.

ಎಲೆಕ್ಟ್ರಾನಿಕ್ಸ್‌ನವರು ಇಸಿ ಮತ್ತು ನೀರಿನ ಮಟ್ಟ ನೋಡಿ ತಾನೇ ತೆರೆಯುವ ಗೇಟಿನ ಮಾದರಿ ಮಾಡಬಹುದು. ಮೆಕ್ಯಾನಿಕಲ್‌ನವರಿಗೆ ಕೆಸರಿನಲ್ಲಿ ಹೂತುಹೋಗದ ಹಗುರ ಕೊಯ್ಲು ಯಂತ್ರ ಇನ್ನೂ ಬಾಕಿ ಇರುವ ಸವಾಲು. ಆದರೆ ಮೊದಲು ಊರವರ ಹತ್ತಿರ ಕೂತು ಕೇಳಬೇಕು. ಯಾವ ಭರತಕ್ಕೆ ಯಾವ ಹಲಗೆ ಇಳಿಸಬೇಕು ಅನ್ನೋದು ಯಾವ ಡೇಟಾಶೀಟಿನಲ್ಲೂ ಇಲ್ಲ.

ಬಿತ್ತಿದರೆ ಮಾತ್ರ ಉಳಿಯುವುದು

ಉಪ್ಪಿನ ಕಷ್ಟ ಕರಾವಳಿಗಷ್ಟೇ ಸೀಮಿತವಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಹೆಚ್ಚಾಗಿಯೇ ಎಷ್ಟೋ ಗದ್ದೆ ಸವುಳಾಗಿದೆ. ಗಂಗಾವತಿಯಲ್ಲಿ ಇದರ ಮೇಲೆ ಸಂಶೋಧನೆ ನಡೆಯುತ್ತಿದೆ. ಅಲ್ಲಿಗೂ ಮುಂದೆ ಬೇಕಾಗಬಹುದಾದ ಗುಣ ಕಗ್ಗದಂಥ ತಳಿಗಳಲ್ಲೇ ಇರೋದು.

ಕರಾವಳಿಯ ತೇವದ ಹವೆಯಲ್ಲಿ ಮನೆಯಲ್ಲಿಟ್ಟ ಬೀಜದ ಭತ್ತ ಒಂದೆರಡು ವರ್ಷದಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಬೀಜ ಬ್ಯಾಂಕಿನ ಶೀತಲ ಕೋಣೆಯಲ್ಲಿಟ್ಟರೆ ದಶಕಗಟ್ಟಲೆ ಉಳಿಯುತ್ತದೆ ನಿಜ. ಆದರೆ ಏಡಿ ತೂತು ಹುಡುಕುವ ಕಣ್ಣು, ಒಡ್ಡಿಗೆ ಮಣ್ಣು ಹಾಕುವ ಕೈ, ಹರಾಜಿನ ಹಣ ಹಂಚುವ ಊರ ಒಪ್ಪಂದ, ಇವನ್ನು ಶೀತಲ ಕೋಣೆಯಲ್ಲಿ ಇಡೋಕಾಗಲ್ಲ. ಅವು ಉಳಿಯೋದು ಪ್ರತಿ ಜೂನಿನಲ್ಲಿ ಯಾರಾದರೂ ಬಿತ್ತಿದರೆ ಮಾತ್ರ.

ಈ ಸಲ ರಜೆಗೆ ಕಾರವಾರ, ಅಂಕೋಲಾ, ಕುಮಟಾ ಕಡೆ ಹೋಗುವವರಿಗೆ ನಮ್ಮದೊಂದು ಸಣ್ಣ ಕೆಲಸ. ನಿಮ್ಮೂರಿನ ಗಜನಿಯ ಹೆಸರು, ಅದಕ್ಕೆ ಎಷ್ಟು ಬಾಗಿಲು, ಕೊನೆಯ ಸಲ ಭತ್ತ ಬಿತ್ತಿದ್ದು ಯಾವ ವರ್ಷ, ಅದರ ತಳಿಯ ಹೆಸರೇನು ಅಂತ ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಂದು ನಕ್ಷೆಯ ಮೇಲೆ ಹಾಕೋಣ.